ಅಜ್ಜಿಗೆ ಸೇರದ ಜಿಲೇಬಿ

ನಾನು ಚಿಕ್ಕವನಿದ್ದಾಗ ಜಿಲೇಬಿಯನ್ನು ಮೀರಿಸುವ ಸಿಹಿ ಇನ್ನೊಂದಿಲ್ಲ ಎಂದು ನಂಬಿದ್ದೆ. ಶ್ರೀಖಂಡ ಹುಳಿ ಎನಿಸುತ್ತಿತ್ತು, ಬಾಸುಂದಿ ನಾಲಿಗೆಗೆ ಜಿಡ್ಡು. ಅಜ್ಜಿಯದು ಬೇರೆಯೇ ಮಾತು. "ಹುಳಿ ಹಿಟ್ಟು ಪಾಕದಾಗ ಅದ್ದಿದ್ರ ಅದೂ ಒಂದ್ ಸಿಹೀನೋ? ಹಲ್ಲಿಗೆ ಅಂಟತದ" ಎಂದು ಮೂಗು ಮುರಿಯುತ್ತಿದ್ದಳು. ಅವಳಿಗೆ ಬೇಕಾದದ್ದು ಬಿಸಿ ಗೋಧಿ ಹುಗ್ಗಿ, ಮೇಲೊಂದಿಷ್ಟು ತುಪ್ಪ.

ಅಕ್ಕಲಕೋಟೆಯ ಮನೆಯಲ್ಲಿ ಅಜ್ಜಿ ತೀರಿಕೊಂಡ ಹತ್ತನೆಯ ದಿನ. ಅಂದು ಕೆರೆಯ ದಂಡೆಯಲ್ಲಿ ಅನ್ನದ ಪಿಂಡದ ಜೊತೆಗೆ ತೀರಿಹೋದವರ ಇಷ್ಟದ ತಿಂಡಿ ಇಡುತ್ತಾರೆ. ಕಾಗೆ ಮುಟ್ಟಿದರೆ ಅವರ ಮನಸ್ಸು ತಣಿಯಿತು ಎಂದರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು; ಆಗ ಮನೆಯವರು ಅದನ್ನು ಊಹಿಸಿ, ನಡೆಸುತ್ತೇವೆಂದು ಮಾತು ಕೊಡುತ್ತಾರೆ.

ಬೆಳಿಗ್ಗೆ ಅಪ್ಪನ ತಮ್ಮ ಕಾಕಾ ನನ್ನನ್ನು ಕರೆದು ಕೇಳಿದರು: "ನೀ ಅಜ್ಜಿ ಮಗ್ಗಲದಾಗ ಮಲಗಾವ. ಆಕಿಗೆ ಯಾವ ಸಿಹಿ ಭಾಳ ಸೇರ್ತಿತ್ತೋ?"

ಉಳಿದದ್ದು ಮಕ್ಕಳ ಪಾಲಿಗೆ ಬರುತ್ತದೆಂದು ನನಗೆ ಗೊತ್ತಿತ್ತು. "ಜಿಲೇಬಿ" ಎಂದೆ.

ದಂಡೆಯಲ್ಲಿ ಬಿಸಿಲೇರಿತು. ಜಿಲೇಬಿಯ ಪಾಕ ಎಲೆಯ ಮೇಲೆ ಕರಗಿ ಹರಿಯುತ್ತಿತ್ತು. ಜಾಲಿ ಮರದ ಮೇಲೆ ಕಾಗೆ ಕೂತಿತ್ತು, ಇಳಿಯಲಿಲ್ಲ.

"ಅದಕ್ಕ ಹೊಟ್ಟಿ ತುಂಬ್ಯದ. ಆಚಿ ಕಡೆನೂ ಯಾರದೋ ಪಿಂಡ ಇಟ್ಟಾರ" ಎಂದರು ಕಾಕಾ.

"ಸುಮ್ನಿರೋ" ಎಂದು ಅಪ್ಪ ಗದರಿದರು. ಕೈಮುಗಿದು, "ಅವ್ವಾ, ತಮ್ಮನ ಜೋಡಿ ಜಗಳ ತಗಿಯಂಗಿಲ್ಲ" ಎಂದರು. ಕಾಗೆ ಇಳಿದು, ಎಲೆಯ ಹತ್ತಿರ ನಡೆದು ಬಂದು, ಮತ್ತೆ ಹಾರಿಹೋಯಿತು. ಅಜ್ಜಿಗೆ ಹುಗ್ಗಿ ಬೇಕಾಗಿದೆ ಎಂದು ನನಗೊಬ್ಬನಿಗೇ ಗೊತ್ತು ಎಂದುಕೊಂಡೆ. ಹೇಳಿದರೆ ಏಟು ಬೀಳುತ್ತದೆಂದು ಬಾಯಿ ಬಿಡಲಿಲ್ಲ.

ಅಕ್ಕ ಆಗ ಹತ್ತನೆಯ ತರಗತಿ. ಅವಳ ಲಗ್ನ ಮಾಡು ಎಂದು ಅಜ್ಜಿ ಆಗಾಗ ಅನ್ನುತ್ತಿದ್ದಳು; ಅಪ್ಪ ನಕ್ಕು ಬಿಡುತ್ತಿದ್ದರು. ಅಂದು ಅಪ್ಪ ಅಳುತ್ತ ಹೇಳಿದರು: "ಅವ್ವಾ, ನಿನ್ನ ಮಾತು ನಡಸ್ತೀನಿ. ಹುಡುಗಿ ಸಾಲಿ ಬಿಡಸ್ತೀನಿ. ಈ ವರ್ಷಾನ ಲಗ್ನ ಮಾಡ್ತೀನಿ."

ಕಾಗೆ ಬಂದು ಕುಕ್ಕಿತು.

ಎಲ್ಲರೂ ಕೈಮುಗಿದು ಮನೆಗೆ ಮರಳಿದೆವು. ಮನೆಯಲ್ಲಿ ಜಿಲೇಬಿಯ ಪೊಟ್ಟಣ ಬಿಚ್ಚಿದರು. ನಾನು ತಿಂದೆ. ಅದು ರುಚಿಯಾಗಿಯೇ ಇತ್ತು. ಇಂದಿಗೂ ನನ್ನನ್ನು ಕಾಡುವುದು ಆ ರುಚಿ. ಅಕ್ಕ ಒಲೆಯ ಮುಂದಿನಿಂದ ಎದ್ದು ಕೈ ಒರೆಸಿಕೊಂಡು, ತನ್ನ ಕಂಪಾಸ್ ಪೆಟ್ಟಿಗೆಯನ್ನು ನನ್ನ ಚೀಲದಲ್ಲಿಟ್ಟಳು. ಆ ವರ್ಷವೇ ಮೈಂದರ್ಗಿಗೆ ಸೊಸೆಯಾಗಿ ಹೋದಳು.

ಕಿಟಕಿಯಲ್ಲಿ ಕಾಗೆ ಕೂತು ಕತ್ತು ಓರೆ ಮಾಡಿದರೆ ಈಗಲೂ ನಾನು ಕಣ್ಣು ತಪ್ಪಿಸುತ್ತೇನೆ. ಹೋದ ದೀಪಾವಳಿಗೆ ಮೈಂದರ್ಗಿಗೆ ಹೋಗಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ.

"ಆಕಿಗೆ ಹುಗ್ಗಿ ಮಾಡಿ ಉಣಿಸಾಕಿ ನಾನು. ನನ್ನ ಕೇಳಿದ್ರ ಹೇಳ್ತಿದ್ದೆ. ಸಾಲಿ ಬಿಡ್ತೀಯೇನು ಅಂತ್ಲೂ ಯಾರೂ ಕೇಳಲಿಲ್ಲ ನೋಡು" ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಾರದೆ ಬಸ್ಸು ಹತ್ತಿದೆ.

ಮೊಮ್ಮಕ್ಕಳೇ, ವಿಜಾಪುರ ರಸ್ತೆಯ ನಿಮ್ಮ ಮನೆಯಲ್ಲಿ ಹಬ್ಬ ಬಂದರೆ ಒಬ್ಬರಿಗೆ ರಸಮಲಾಯಿ, ಇನ್ನೊಬ್ಬರಿಗೆ ಗುಲಾಬ್‌ಜಾಮೂನು. ಫೋನಿನಲ್ಲಿ ತರಿಸುವ ಮೊದಲು ಎಲ್ಲರನ್ನೂ ಕೇಳಲೇಬೇಕು, ಇಲ್ಲದಿದ್ದರೆ ರಂಪ. ನಿಮ್ಮಮ್ಮ ರೇಗುತ್ತಾಳೆ. ನನಗೆ ಮಾತ್ರ ಆ ಗದ್ದಲ ಕೇಳುತ್ತ ಕೂರುವುದು ಇಷ್ಟ. ಮೊನ್ನೆ ನಿಮ್ಮಪ್ಪ, ಹತ್ತನೆಯದು ಮುಗಿದ ಮೇಲೆ ಏನು ಓದುತ್ತೀ ಎಂದು ನಿಮ್ಮಲ್ಲಿ ದೊಡ್ಡವಳನ್ನು ಕೇಳಿದ.

"ಥಾಂಬರಿ ಪಪ್ಪಾ, ಸ್ವಲ್ಪ ತಡೀರಿ, ವಿಚಾರ ಮಾಡಿ ಹೇಳ್ತೀನಿ" ಎಂದಳು ಅವಳು, ಫೋನಿನಿಂದ ತಲೆ ಎತ್ತದೆ.

ಅವನು ಕಾಯುತ್ತಿದ್ದಾನೆ.