ತುಂಬಿದ ಮೇಲೂ ನಿಂತ ಕಾರು

ಆಗ ನನಗೆ ಅರವತ್ತೆರಡು. ಮೂರು ವರ್ಷದ ಹಿಂದಿನ ಮಾತು. ಸೇಲಂನಿಂದ ಧರ್ಮಪುರಿಗೆ ಹೋಗುವ ಹೆದ್ದಾರಿಯಲ್ಲಿ, ತೊಪ್ಪೂರು ಘಾಟಿಗೆ ಮುಂಚೆ, ಕರೆಂಟ್ ಕಾರುಗಳ ಚಾರ್ಜಿಂಗ್ ಸ್ಟೇಷನ್‌ನಲ್ಲಿ ನನ್ನ ಕೆಲಸ. ಗುಡಿಸುವುದು, ಕೇಬಲ್ ಎತ್ತಿಡುವುದು, ಕಾರು ತುಂಬಿದ ಮೇಲೆ ಯಜಮಾನರನ್ನು ಕೂಗಿ ಕರೆಯುವುದು. ತುಂಬಿದ ಮೇಲೂ ಪ್ಲಗ್ ಕೀಳದೆ ನಿಲ್ಲಿಸಿದರೆ ನಿಮಿಷದ ಲೆಕ್ಕದಲ್ಲಿ ದಂಡ ಓಡುತ್ತದೆ. ಐಡಲ್ ಫೀಸ್ ಎನ್ನುತ್ತಾರೆ. ಒಬ್ಬರು ಹಿಡಿದ ಜಾಗಕ್ಕೆ ಇನ್ನೊಬ್ಬರು ಕಾಯುತ್ತಾರಲ್ಲ, ಅದಕ್ಕೆ. ಅದು ಸರಿಯೇ.

ನನಗೆ ಇದು ಹೊಸದಲ್ಲ. ನಾವು ಸೇಲಂನ ಮಗ್ಗದವರು. ನಮ್ಮ ಬೀದಿಯಲ್ಲಿ ಬೆಳಗಾಗುತ್ತಲೇ ಹಾಸಿನ ನೂಲನ್ನು ಉದ್ದಕ್ಕೂ ಎಳೆದು ಕಟ್ಟಿ ಗಂಜಿ ಹಾಕುತ್ತಿದ್ದರು. ಬೀದಿ ಒಂದೇ, ಮನೆ ಹಲವು. ಹಾಗಾಗಿ ಸರದಿ. ಒಣಗಿದ ಮೇಲೂ ನೂಲು ಸುತ್ತದೆ ಬಿಟ್ಟವನಿಗೆ ಬೈಗುಳ. ಆದರೆ ಮನೆಯಲ್ಲಿ ಸಾವು, ಹೆರಿಗೆ ಎಂದರೆ ಮುಂದಿನ ಸರದಿಯವರೇ ಬಂದು ಸುತ್ತಿಕೊಡುತ್ತಿದ್ದರು. ನನ್ನ ಗಂಡ ಹೋದ ಬೆಳಿಗ್ಗೆ ನಮ್ಮ ಹಾಸು ಬೀದಿಯಲ್ಲೇ ಇತ್ತು. ಒಂದೆಳೆಯೂ ಹರಿಯದ ಹಾಗೆ ಸುತ್ತಿ ತಂದು ಒಳಗಿಟ್ಟರು. ಅವನನ್ನು ನೆನೆದಾಗಲೆಲ್ಲ ನನಗೆ ಆ ಗಂಜಿಯ ವಾಸನೆ ಬರುತ್ತದೆ.

ಆ ಮಧ್ಯಾಹ್ನ ಎರಡು ಮಷೀನಿನಲ್ಲಿ ಒಂದು ಕೆಟ್ಟಿತ್ತು. ಇನ್ನೊಂದರಲ್ಲಿ ಬಿಳಿ ಕಾರು ತುಂಬಿ ನಿಂತಿತ್ತು, ಯಜಮಾನ ಕಾಣೆ. ಹಿಂದೆ ಕೊಳತ್ತೂರಿನ ಟ್ಯಾಕ್ಸಿ ಮಾದೇಶ, ನನ್ನನ್ನು ಪಾಟಿ, ಅಂದರೆ ಅಜ್ಜಿ, ಎನ್ನುವವನು. ಅವನು ಸೇಲಂ ಜಂಕ್ಷನ್‌ನಲ್ಲಿ ರೈಲಿಳಿಯುವ ಗಿರಾಕಿಯನ್ನು ಹತ್ತಿಸಿಕೊಳ್ಳಬೇಕಿತ್ತು.

“ಏನ್ ಪಾಟಿ, ಕಾರ್‌ಗೆ ಮದುವೆ ಮಾಡ್ತಾ ಇದಾನಾ ಅವ್ನು? ಎಳ್ಕೊಂಡ್ ಬಾ!”

“ಬಾಯ್ ಮುಚ್ಕೊಂಡ್ ನಿಂತ್ಕೊಳ್ಳಲೇ. ಫೀಸ್ ಓಡ್ತಾ ಐತೆ.”

“ಓಡ್ಲಿ. ಅವ್ನ ಫೀಸು ನನ್ ಬ್ಯಾಟರಿ ತುಂಬ್ತದಾ?”

ಹುಡುಕಿದೆ. ಹುಣಸೆಮರದ ಹಿಂದೆ ಫೋನ್ ಹಿಡಿದು ನೆಲದ ಮೇಲೆ ಕೂತಿದ್ದ. ಧರ್ಮಪುರಿಯ ಆಸ್ಪತ್ರೆಯಿಂದ ಕರೆ ಬಂದಿತ್ತು. ಅವನನ್ನು ಸಾಕಿದ ಅಕ್ಕನಿಗೆ ಇನ್ನು ಹೆಚ್ಚು ಹೊತ್ತಿಲ್ಲ, ಬೇಗ ಬಾ ಎಂದಿದ್ದರು. ಹೋಗಬೇಕು, ಆದರೆ ಓಡಿಸಲಾರೆ ಎಂದು ಕೀಲಿಯನ್ನು ನೆಲದ ಮೇಲಿಟ್ಟಿದ್ದ.

ಜಗಳಕ್ಕೆಂದು ನನ್ನ ಹಿಂದೆಯೇ ಬಂದ ಮಾದೇಶ ಅವನನ್ನು ನೋಡಿ ಬೈಗುಳ ನುಂಗಿದ.

“ಎದ್ದೇಳಣ್ಣಾ. ನಿನ್ ಕಾರ್ ತುಂಬೈತೆ. ನಾ ಓಡಿಸ್ತೀನಿ.”

“ನಿನ್ ಗಿರಾಕಿ?” ಎಂದೆ.

“ಬೇರೆ ಡ್ರೈವರ್ ಓಗ್ತಾನೆ. ಬಿಡು ಪಾಟಿ.”

ಬಿಳಿ ಕಾರು ತೆಗೆದು, ತನ್ನದನ್ನು ಅದೇ ಪ್ಲಗ್ಗಿಗೆ ಹಾಕಿ, ತನ್ನ ಕೀಲಿಯನ್ನು ನನ್ನ ಕೈಗೆ ತುರುಕಿ, ಅವನನ್ನು ಕೂರಿಸಿಕೊಂಡು ಧರ್ಮಪುರಿಗೆ ಹೋದ.

ಮಾದೇಶ ಬರುವ ಮೊದಲೇ ಅವನ ಕಾರು ತುಂಬಿತು. ಇನ್ನು ದಂಡ ಓಡುವುದು ಅವನ ಮೇಲೆ. ಸೂಪರ್‌ವೈಸರ್‌ಗೆ ಫೋನ್ ಮಾಡಿ ನಡೆದದ್ದು ಹೇಳಿ, ಫೀಸು ನಿಲ್ಲಿಸಿ, ಇಲ್ಲ ಕಾರು ನಾನೇ ಬಿಡಿಸುತ್ತೇನೆ ಎಂದೆ.

“ಗಿರಾಕಿ ಕೀಲಿ ಮುಟ್ಟಬಾರ್ದು, ರೂಲ್ಸ್ ಗೊತ್ತಲ್ಲಮ್ಮಾ. ಫೀಸು ಹಾಕೋದು ಸಿಸ್ಟಮ್ಮು, ನಾನಲ್ಲ.”

“ಸಿಸ್ಟಮ್ಗೆ ಅಕ್ಕ ಇಲ್ಲ ಸಾರ್. ನಿಮ್ಗೆ ಇಲ್ವಾ?”

“ಕೆಲ್ಸ ಓಗ್ತದೆ ನೋಡು.”

“ಓಗ್ಲಿ.”

ಕೀಲಿ ಒತ್ತಿ ಲಾಕ್ ಬಿಡಿಸಿ ಕೇಬಲ್ ಕಿತ್ತೆ. ಕಾಯುತ್ತಿದ್ದವರಲ್ಲಿ ಒಬ್ಬನಿಂದ ಕಾರು ಪಕ್ಕಕ್ಕೆ ಹಾಕಿಸಿದೆ. ಕೇಬಲ್ ಕೈಯಲ್ಲಿ ಸುತ್ತಿಕೊಳ್ಳುವಾಗ ನನಗೆ ನಮ್ಮ ಬೀದಿ ಬೇಕೆನಿಸಿತು. ಆ ಬೀದಿಯ ಬೈಗುಳವೂ ಬೇಕೆನಿಸಿತು.

ಸಂಜೆ ಮಾದೇಶ ಬಸ್ಸಿನಲ್ಲಿ ಬಂದಿಳಿದ. “ಮಾತು ನಿಂತೋಗಿತ್ತು ಪಾಟಿ. ತಮ್ಮನ ಕೈ ಮಾತ್ರ ಬಿಡ್ಲಿಲ್ಲ ಆಯಮ್ಮ,” ಎಂದ. ಕೀಲಿ ತೆಗೆದುಕೊಂಡು ಹೋದ.

ಬಿಳಿ ಕಾರಿನವನು ಮರದ ಹಿಂದೆ ಕೂತಿದ್ದಷ್ಟು ಹೊತ್ತಿನ ಫೀಸು ವಾಪಸ್ ಬರಲಿಲ್ಲ. ಅದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ದಂಡ ಇರಲಿ. ಟೀ ಕುಡಿಯುತ್ತ ಕೂತವನಿಗೆ ಹಾಕಲಿ. ಆದರೆ ಹಾಕುವ ಮೊದಲು ಯಾರಾದರೂ ಎದ್ದು ಹೋಗಿ, ಅವನು ಎಲ್ಲಿ ಕೂತಿದ್ದಾನೆಂದು ನೋಡಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಮಾರನೇ ಬೆಳಿಗ್ಗೆ, ಕೆಲಸ ಇದೆಯೋ ಇಲ್ಲವೋ ತಿಳಿಯದೆ, ಮೊದಲು ಹಳೇ ಬೀದಿಗೆ ಹೋದೆ. ಹಾಸು ಕಟ್ಟುತ್ತಿದ್ದ ಕಡೆಯೆಲ್ಲ ಬೈಕು. ಗಂಜಿಯ ವಾಸನೆ ಇರಲಿಲ್ಲ. ಬಸ್ಸು ಹತ್ತಿ ಸ್ಟೇಷನ್ನಿಗೆ ಹೋದೆ; ಬೇಡವೆನ್ನಲು ಯಾರೂ ಬಂದಿರಲಿಲ್ಲ. ಮೊದಲು ಬಂದ ಕಾರಿನವನಿಗೆ ಕೇಬಲ್ ಕೊಡುವ ಮುಂಚೆ ಕೇಳಿದೆ: “ಯಾರನ್ನ್ ನೋಡಕ್ ಓಗ್ತಾ ಇದೀಯಪ್ಪಾ? ತುಂಬೋವರ್ಗೂ ಎಲ್ಲಿ ಕೂತಿರ್ತೀಯ?”