ಹದಿನೆಂಟು ತೋಟಾಗಳು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಾವಿರುವ ಲಿಯಾಂಡರ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯ ಬಿಲ್ ಅಂಕಲ್. ರೈಫಲ್ಲಿನ ತೋಟಾಗಳನ್ನು ಅವರು ಗರಾಜಿನಲ್ಲಿ ಕೂತು, ಮದ್ದು ತೂಗಿ, ಕೈಯಾರೆ ತುಂಬುತ್ತಾರೆ.

ನನ್ನ ಮಗಳಿಗೆ ಅಲಾಸ್ಕದ ಕಾಡಿನಲ್ಲಿ ಸರ್ವೆ ಕೆಲಸ ಸಿಕ್ಕಿತ್ತು. ಅಲ್ಲಿ ಕರಡಿಗಳಿರುವುದರಿಂದ ರೈಫಲ್ ಒಯ್ಯಲೇಬೇಕಂತೆ. ಆಯುಧಪೂಜೆಯ ದಿನ ಕಾರಿಗೆ ಕುಂಕುಮ ಹಚ್ಚಿ, ಅದೇ ಪೂಜೆಯ ತಟ್ಟೆ ಹಿಡಿದು, ಅವಳಿಗೆ ತೋಟಾ ಕೇಳಲು ಅಂಕಲ್ ಬಳಿ ಹೋದೆ.

"ಎಲ್ಲಕ್ಕಿಂತ ಜೋರಿನದು ಮಾಡಿಕೊಡಿ ಅಂಕಲ್," ಎಂದೆ.

"ಜೋರು ಕರಡಿಗೋ, ನಿನ್ನ ಮಗಳ ಭುಜಕ್ಕೋ?"

ನಾನು ನಕ್ಕೆ. ಅವರು ನಗಲಿಲ್ಲ. ಕಪಾಟಿನಿಂದ ಹಳೆಯ ಡಬ್ಬಿಯೊಂದನ್ನು ತೆಗೆದು ಮುಂದಿಟ್ಟರು. ಇಪ್ಪತ್ತು ತೋಟಾ ಹಿಡಿಯುವ ಡಬ್ಬಿಯಲ್ಲಿ ಹದಿನೆಂಟಿದ್ದವು.

"ನನ್ನ ತಮ್ಮನೂ ಹೀಗೇ ಕೇಳಿದ್ದ. ನಾನೇ ತುಂಬಿಕೊಟ್ಟೆ. ಪ್ರಾಕ್ಟೀಸಿಗೆಂದು ಒಂದು ಹಾರಿಸಿದ, ರೈಫಲ್ ಹಿಂದಕ್ಕೆ ಒದ್ದ ಏಟಿಗೆ ಭುಜ ಕಪ್ಪಗಾಯಿತು. ಆ ಹೆದರಿಕೆಗೆ ಮತ್ತೆ ಪ್ರಾಕ್ಟೀಸೇ ಮಾಡಲಿಲ್ಲ. ಎರಡನೆಯದನ್ನು ಕರಡಿಯ ಎದುರು ಕಣ್ಣು ಮುಚ್ಚಿಕೊಂಡು ಹಾರಿಸಿದನಂತೆ. ಜೊತೆಗಿದ್ದವನು ನೋಡಿದ್ದಾನೆ. ಗುರಿ ತಪ್ಪಿತು. ನನಗೆ ವಾಪಸ್ಸು ಬಂದದ್ದು ಇವಿಷ್ಟೇ."

ಆ ಡಬ್ಬಿಗೆ ಕುಂಕುಮ ಹಚ್ಚಲು ಕೈ ಬರಲಿಲ್ಲ. ತಟ್ಟೆಯಲ್ಲಿದ್ದ ಒಂದು ಚೆಂಡುಹೂವನ್ನು ಅದರ ಮೇಲಿಟ್ಟು ಕೈ ಮುಗಿದೆ. ಅಂಕಲ್ ಹೊರಗೆ ರಸ್ತೆಯ ಕಡೆ ನೋಡುತ್ತಾ ನಿಂತುಬಿಟ್ಟರು.

ಮರುದಿನ ಮಗಳನ್ನು ಕರೆಸಿ, ಅವಳು ಅಂಜದೆ ದಿನವೂ ಹಾರಿಸಬಲ್ಲಂಥ ತೋಟಾಗಳನ್ನೇ ತುಂಬಿಕೊಟ್ಟರು.

ನಮ್ಮ ಲಿಯಾಂಡರಿನಲ್ಲಿ ಕರಡಿಯಿಲ್ಲ, ಹಾಗಾಗಿ ಈ ಕತೆಗೆ ಕಿವಿಗೊಡುವವರೂ ಕಡಿಮೆ. ಕಾಡಿಗೆ ಹೊರಟವರು ಯಾರಾದರೂ ಸಿಕ್ಕರೆ ನೀವೇ ಹೇಳಿಬಿಡಿ. ಅಂಕಲ್ಲಿಗೆ ಮತ್ತೆ ಆ ಡಬ್ಬಿ ತೆಗೆಯುವ ಕಷ್ಟ ಬೇಡ.