ಹದಿನಾರರ ಮಗ್ಗಿ

ತಮಿಳುನಾಡಿನ ಮನ್ನಾರ್‌ಗುಡಿ ಆಚೆಯ ಆ ಶಾಲೆಯಲ್ಲಿ ಮಕ್ಕಳಿಗೆ ವಡಿವಾಂಬಾಳ್ ಟೀಚರ್ ಅಂದರೆ ನಡುಕ. ಟೀಚರಿಗೋ, ಕಂಪ್ಯೂಟರ್ ಅಂದರೆ ನಡುಕ. ಆ ಉಸಾಬರಿಯೆಲ್ಲ ಅದೇ ಶಾಲೆಯಲ್ಲಿದ್ದ ಗಂಡ ಅರಸು ಮಾಸ್ತರರದ್ದು. ಕೊರೊನಾ ಕಾಲದಲ್ಲಿ ಮಾಸ್ತರು ಮನೆಯಲ್ಲೇ ಕೂತು ಮಗ್ಗಿಗಳನ್ನೆಲ್ಲ ವಿಡಿಯೊ ಮಾಡಿ ನೆಟ್‌ಗೆ ಹಾಕಿದರು. ಅದೇ ಕಾಯಿಲೆಯಲ್ಲಿ ಹೋಗಿಬಿಟ್ಟರು.

ಈಗಲೂ ತರಗತಿಯ ಟಿವಿಯಲ್ಲಿ ಅವರೇ ಮಗ್ಗಿ ಹೇಳಿಸುತ್ತಾರೆ. ಹದಿನಾರರದ್ದು ಶುರುವಾದರೆ ಮಾತ್ರ ಟೀಚರ್ ಎದ್ದು ಹೊರಗೆ ಹೋಗುತ್ತಿದ್ದರು. ‘ಹದಿನಾರೇಳ್ಲಿ ನೂರಾಹನ್ನೆರಡು’ ಆದಕೂಡಲೇ ವಿಡಿಯೊದೊಳಗಿನ ಅಡುಗೆಮನೆಯಿಂದ ಟೀಚರದ್ದೇ ಸಿಡುಕು ಕೇಳುತ್ತದೆ: “ದೀಪ ಹಚ್ಚೋ ಹೊತ್ತಾಯ್ತು. ಆ ಫೋನ್ ಹಿಡ್ಕೊಂಡೇ ಸಾಯ್ರಿ ನೀವು.” ಬೆನ್ನಿಗೇ ಹಲ್ಲಿ ಲೊಚಗುಟ್ಟುತ್ತದೆ. ದಿನಾ ಬೈಯುವ ಬಾಯಿ ಬಿಡಿ. ಆದರೆ ಹಲ್ಲಿ ಹೌದೆಂದದ್ದು ಅವತ್ತು ಕಿವಿಗೇ ಬಿದ್ದಿರಲಿಲ್ಲ. ಬಿದ್ದಿದ್ದರೆ ಆಗಲೇ ನೆಲ ತಟ್ಟಿ, ತಪ್ಪಾಯ್ತು ಅನ್ನುತ್ತಿರಲಿಲ್ಲವೇ? ಹಾಳು ನಾಲಿಗೆಯೇ ಗಂಡನನ್ನು ನುಂಗಿತು ಎಂದು ಆಕೆ ನಂಬಿಬಿಟ್ಟಿದ್ದರು.

“ಅಷ್ಟು ಮಾತು ಅಳಿಸೋಕಾಗುತ್ತಾ?” ವಡಿವಾಂಬಾಳ್ ಟೀಚರ್, ಶಾಲೆಗೆ ಹೊಸದಾಗಿ ಬಂದಿದ್ದ ಕಿರಿಯ ಟೀಚರ್ ಪೊನ್ಮಲರಳನ್ನು ಕೇಳಿದರು.

“ಆಗುತ್ತೆ ಅಕ್ಕಾ. ನಾನೇ ಮಾಡಿಕೊಡ್ಲಾ?”

“ಬೇಡ ಕಣಮ್ಮಾ. ಆಡಿದೋಳು ನಾನು, ಅಳಿಸೋಳೂ ನಾನೇ. ಕಲಿಸು.”

ಕಲಿಯೋದೇನು ಹುಡುಗಾಟವೇ? “ಮೌಸನ್ನ ಹುಡುಗರ ಕಿವಿ ಹಿಂಡೋ ಹಾಗೆ ಹಿಡೀಬೇಡಿ ಅಕ್ಕಾ,” ಎಂದು ಪೊನ್ಮಲರ್ ನಗುತ್ತಿದ್ದಳು. ಒಮ್ಮೆ ಏನೋ ಒತ್ತಿ ಮಾಸ್ತರೇ ಮಾಯ. ಟೀಚರ್ ಬೆವೆತುಹೋದರು. “ಇಲ್ಲೇ ಇದ್ದಾರೆ ಅಕ್ಕಾ, ಎಲ್ಲೂ ಹೋಗಿಲ್ಲ,” ಎಂದು ಪೊನ್ಮಲರ್ ಹುಡುಕಿಕೊಟ್ಟಾಗ ಟೀಚರ್ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಕೊನೆಗೂ ಮಾತು ಹೋಯಿತು, ಹಲ್ಲಿಯೂ ಹೋಯಿತು. ಆ ಜಾಗದಲ್ಲಿ ಮಾಸ್ತರು ಅಡುಗೆಮನೆಯತ್ತ ತಿರುಗಿ ಸುಮ್ಮನೆ ನಗುವುದಷ್ಟೇ ಉಳಿಯಿತು. ತಿದ್ದಿದ ಪಾಠವನ್ನು ಟೀಚರ್ ತಾವೇ ನೆಟ್‌ಗೆ ಹಾಕಿದರು.

ಮರುದಿನ ಹದಿನಾರರ ಮಗ್ಗಿಗೆ ಅವರು ತರಗತಿಯಲ್ಲೇ ನಿಂತರು. ಮಕ್ಕಳು ಮಾಸ್ತರ ಜೊತೆ ಒಟ್ಟಾಗಿ ರಾಗ ಎಳೆಯುತ್ತಿದ್ದರು. ನೂರಾಹನ್ನೆರಡಾಯಿತು. ಟಿವಿ ಸುಮ್ಮನಾಯಿತು. ಮಕ್ಕಳು ಸುಮ್ಮನಾಗಲಿಲ್ಲ.

“ದೀಪ ಹಚ್ಚೋ ಹೊತ್ತಾಯ್ತು, ಆ ಫೋನ್ ಹಿಡ್ಕೊಂಡೇ ಸಾಯ್ರಿ ನೀವು,” ಎಂದು ಇಡೀ ತರಗತಿ ಅದೇ ರಾಗದಲ್ಲಿ ಹಾಡಿತು. ಹಾಡಿ, ನಾಲಿಗೆಯಲ್ಲಿ ಲೊಚ್ ಲೊಚ್ ಅಂದಿತು. ಪರದೆಯಲ್ಲಿ ಮಾಸ್ತರು ತಿರುಗಿ ನಕ್ಕರು.

ಟೀಚರ್ ಮಕ್ಕಳತ್ತ ತಿರುಗಿದರು. “ಯಾರು... ಯಾರು ಹೇಳಿಕೊಟ್ಟರು ಇದನ್ನ?”

ಮುಂದಿನ ಸಾಲಿನ ಹುಡುಗಿ ಕೈಕಟ್ಟಿ ಎದ್ದು ನಿಂತಳು.

“ಮಾಸ್ತರೇ, ಟೀಚರ್. ನಮಗೆಲ್ಲ ಬಾಯಿಪಾಠ ಆಗಿದೆ.”